ದಾನಕ್ಕಿಂತ ಮೊದಲು ಕೂಲಿ

ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ಕ್ರಿಸ್‌ಮಸ್ ಕಥೆಯ ಜಿಪುಣ ಸ್ಕ್ರೂಜನನ್ನು ನೆನೆದಾಗಲೆಲ್ಲ ನನಗೆ ನಮ್ಮ ಶ್ರೀನಿವಾಸ ನಾಯಕರು ನೆನಪಾಗುತ್ತಾರೆ. ಪತ್ನಿ ದಾನವಿತ್ತ ಮೂಗುತಿಯಿಂದ ಕಣ್ತೆರೆದ ಆ ಜಿಪುಣ ವರ್ತಕ ಸರ್ವಸ್ವವನ್ನೂ ತೊರೆದು ಪುರಂದರದಾಸರಾದರೆಂಬುದು ಐತಿಹ್ಯ. ಸ್ಕ್ರೂಜನಾದರೋ ವ್ಯವಹಾರ ಬಿಡಲಿಲ್ಲ. ತನ್ನ ಗುಮಾಸ್ತನ ಸಂಬಳ ಹೆಚ್ಚಿಸಿದ, ಅವನ ಅಸ್ವಸ್ಥ ಮಗನಿಗೆ ಆಸರೆಯಾದ.

ದಾಸರ ವೈರಾಗ್ಯ ಎಲ್ಲರಿಗೂ ಎಟುಕದು. ಸ್ಕ್ರೂಜನ ನ್ಯಾಯ ಯಾವ ಸಿರಿವಂತನಿಗೂ ಸಾಧ್ಯ. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಜಾತ್ರೆಗೆ, ಗುಡಿಗೆ ಉದಾರವಾಗಿ ಕೊಡುವವರಿದ್ದಾರೆ. ಅವರ ಅಂಗಡಿಯ ಆಳಿಗೆ, ತೊಗರಿ ಹೊಲದ ಕೂಲಿಯವಳಿಗೆ ಕಾನೂನು ವಿಧಿಸಿದ ಕನಿಷ್ಠ ವೇತನವಾದರೂ ಸಲ್ಲುತ್ತಿದೆಯೇ? ಊರಲ್ಲೇ ನ್ಯಾಯವಾದ ಕೂಲಿ ಸಿಕ್ಕರೆ ಹೈದರಾಬಾದಿಗೆ ಗುಳೆ ಹೋಗುವ ಕೆಲವರಾದರೂ ಇಲ್ಲೇ ಉಳಿದಾರು. ದಾನಿಗಳ ಫಲಕದಲ್ಲಿ ಹೆಸರು ಕೆತ್ತಿಸುವ ಮುನ್ನ ದುಡಿದವರ ಲೆಕ್ಕ ಚುಕ್ತಾ ಆಗಲಿ.