ಹೆಸರು ಹೋಲಿದರೆ ನಂಟು ಇದೆಯೆಂದು ಅರ್ಥವೇ? ಸ್ಪೇನ್‌ನ ಒಂದು ದ್ರಾಕ್ಷಿ ಹೇಳುವ ಪಾಠ

‘ಆ ಹೆಸರು ನಮ್ಮ ಪದದ ಹಾಗೇ ಇದೆ, ಹಾಗಾಗಿ ಅದು ಇಲ್ಲಿಂದಲೇ ಹೋದದ್ದು’ ಎನ್ನುವ ಫಾರ್ವರ್ಡ್‌ಗಳು ನಮಗೆಲ್ಲ ಬರುತ್ತಿರುತ್ತವೆ. ಇಂಥ ವಾದ ಎಲ್ಲಿ ಎಡವುತ್ತದೆ ಎಂಬುದನ್ನು ಆಲ್ಬರಿನ್ಯೊ ಎಂಬ ದ್ರಾಕ್ಷಿಯ ಕತೆಯಿಂದ ನೋಡೋಣ.

ಆಲ್ಬರಿನ್ಯೊ ಸ್ಪೇನ್‌ನ ವಾಯವ್ಯ ಭಾಗದ ಗಲಿಸಿಯಾದಲ್ಲಿ ಬೆಳೆಯುವ ಬಿಳಿ ವೈನ್ ದ್ರಾಕ್ಷಿ. ಅಲ್ಲಿ ಮಳೆ ಜಾಸ್ತಿ. ಹಾಗಾಗಿ ಗ್ರಾನೈಟ್ ಕಂಬ ನೆಟ್ಟು, ಚಪ್ಪರದ ಮೇಲೆ ಬಳ್ಳಿ ಹಬ್ಬಿಸುವ ರೂಢಿ ಇದೆ. ಕೆಳಗೆ ಗಾಳಿಯಾಡುವುದರಿಂದ ಗೊಂಚಲಿಗೆ ಬೂಷ್ಟು ಹಿಡಿಯುವುದು ಕಡಿಮೆ.

ಪ್ರಚಲಿತ ಕತೆ ಏನು?

12ನೇ ಶತಮಾನದಲ್ಲಿ ಫ್ರಾನ್ಸ್‌ನ ಕ್ಲೂನಿ ಮಠದ ಸನ್ಯಾಸಿಗಳು ಜರ್ಮನಿಯ ರೀಸ್ಲಿಂಗ್ ದ್ರಾಕ್ಷಿಯನ್ನು ಗಲಿಸಿಯಾಕ್ಕೆ ತಂದರಂತೆ. ‘ಆಲ್ಬ’ ಎಂದರೆ ಬಿಳಿ, ‘ರಿನ್ಯೊ’ ಎಂದರೆ ರೈನ್ ನದಿ. ಹಾಗಾಗಿ ಇದು ‘ರೈನ್‌ನ ಬಿಳಿ ದ್ರಾಕ್ಷಿ’ಯಂತೆ.

ವಾಸ್ತವ ಏನು?

ಮೊದಲನೆಯದು ಭಾಷೆ. ಸ್ಪ್ಯಾನಿಷ್‌ನಲ್ಲಿ ರೈನ್ ನದಿಗೆ ‘ರಿನ್’ ಎನ್ನುತ್ತಾರೆ, ‘ರಿನ್ಯೊ’ ಎಂದಲ್ಲ. ‘ಇನ್ಯೊ’ ಎಂಬುದು ಗಲಿಸಿಯಾದ ಭಾಷೆಯಲ್ಲಿ ‘ಚಿಕ್ಕ’ ಎಂಬ ಅರ್ಥ ಕೊಡುವ ಸಾಮಾನ್ಯ ಪ್ರತ್ಯಯ.

ಎರಡನೆಯದು ಕಾಲ. ರೀಸ್ಲಿಂಗ್ ಹೆಸರು ಕಾಣಸಿಗುವ ಅತಿ ಹಳೆಯ ದಾಖಲೆ 1435ರದು. ಕತೆ ಹೇಳುವ ಕಾಲಕ್ಕಿಂತ ಎರಡು ಶತಮಾನಕ್ಕೂ ಹೆಚ್ಚು ಈಚಿನದು.

ಮೂರನೆಯದು ಡಿಎನ್‌ಎ. ದ್ರಾಕ್ಷಿ ತಳಿಯನ್ನು ಬೀಜದಿಂದಲ್ಲ, ಕಡ್ಡಿ ನೆಟ್ಟು ಬೆಳೆಸುತ್ತಾರೆ. ಹೀಗಾಗಿ ಒಂದೇ ತಳಿಯ ಬಳ್ಳಿಗಳು ಎಲ್ಲಿದ್ದರೂ ಅವುಗಳ ಡಿಎನ್‌ಎ ಗುರುತು ಒಂದೇ. ಆಲ್ಬರಿನ್ಯೊ ಮತ್ತು ರೀಸ್ಲಿಂಗ್‌ನ ಗುರುತುಗಳು ಬೇರೆ ಬೇರೆ. ಅಂದರೆ ಇವು ಎರಡು ಬೇರೆ ತಳಿಗಳು.

ತಪ್ಪು ಗುರುತಿನಿಂದ ನಷ್ಟವೇನು?

ಆಸ್ಟ್ರೇಲಿಯಾದ ಬೆಳೆಗಾರರನ್ನು ಕೇಳಬೇಕು. ಅವರು ಆಲ್ಬರಿನ್ಯೊ ಎಂದೇ ನಂಬಿ ವರ್ಷಗಟ್ಟಲೆ ಬೆಳೆಸಿದ ಬಳ್ಳಿಗಳ ಬಗ್ಗೆ ಫ್ರಾನ್ಸ್‌ನ ತಜ್ಞರೊಬ್ಬರು ಅನುಮಾನ ಎತ್ತಿದರು. ಅದು ಸಾವನ್ಯಾನ್ ಎಂಬ ಬೇರೆಯೇ ತಳಿ ಎಂದು 2009ರಲ್ಲಿ ಡಿಎನ್‌ಎ ಪರೀಕ್ಷೆ ಖಚಿತಪಡಿಸಿತು. ಬೆಳೆಗಾರರು ಮೋಸ ಮಾಡಿರಲಿಲ್ಲ. ಅವರಿಗೆ ಸಿಕ್ಕ ಕಡ್ಡಿಗಳ ಹೆಸರೇ ತಪ್ಪಾಗಿತ್ತು. ಆದರೂ ಬಾಟಲಿಯ ಲೇಬಲ್ ಬದಲಿಸಿ, ಗಿರಾಕಿಗಳಿಗೆ ಹೊಸ ಹೆಸರು ಪರಿಚಯಿಸುವ ಕಷ್ಟ ಬಿದ್ದದ್ದು ಅವರ ಮೇಲೆಯೇ.

ನಾವು ಹೇಳುವುದಿಷ್ಟು: ಹೆಸರಿನ ಹೋಲಿಕೆ ಪ್ರಶ್ನೆ ಕೇಳಲು ಒಳ್ಳೆಯ ಕಾರಣ, ಆದರೆ ಅದೇ ಉತ್ತರವಲ್ಲ. ಮುಂದಿನ ಸಲ ಅಂಥ ಸಂದೇಶ ಬಂದಾಗ ಎರಡು ಪ್ರಶ್ನೆ ಕೇಳಿ: ಆ ಕಾಲದ ದಾಖಲೆ ಇದೆಯೇ? ಪದಕ್ಕೆ ಅದರದ್ದೇ ಭಾಷೆಯಲ್ಲಿ ಬೇರೆ ಅರ್ಥವಿದೆಯೇ? ಉತ್ತರ ಸಿಗುವವರೆಗೆ ಫಾರ್ವರ್ಡ್ ಮಾಡಬೇಡಿ.