ಬರೆದಿಟ್ಟ ವಿಧಿ, ಜಾರಿಯಲ್ಲಿರುವ ವಿಧಿ

ಕಾಯಿದೆಯೊಂದು ಪುಸ್ತಕದಲ್ಲಿ ಅಚ್ಚಾದ ಮಾತ್ರಕ್ಕೆ ಜಾರಿಗೆ ಬಂದಂತಾಗುವುದಿಲ್ಲ ಎಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ, ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ಕಚೇರಿಯ ಮೇಜಿನ ಮೇಲೆ ಅದು ಎಷ್ಟು ಜೀವಂತವಾಗಿದೆ ಎಂಬುದು ಬೇರೆಯೇ ಮಾತು. ಬರೆದಿಟ್ಟ ವಿಧಿಗೂ ಜಾರಿಯಲ್ಲಿರುವ ವಿಧಿಗೂ ಇರುವ ಇಂತಹ ಅಂತರ ನಮ್ಮ ದೇಹದೊಳಗೂ ಇದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಏಕೆ ಇಷ್ಟು ಕಠಿಣವೆಂದು ಅರಿಯಬೇಕಾದರೆ ಮೊದಲು ಆ ಅಂತರವನ್ನು ತಿಳಿಯಬೇಕು.

ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಪ್ರೋಟೀನು ತಯಾರಿಸುವ ಸುಮಾರು 20,000 ಜೀನ್‌ಗಳ ಒಂದೇ ಗ್ರಂಥವಿದೆ. ಇನ್ಸುಲಿನ್ನಿನ ಜೀನ್ ಕಣ್ಣಿನ ಕೋಶದಲ್ಲಿಯೂ ಇದೆ. ಆದರೆ ಅಲ್ಲಿ ಅದು ಮೌನವಾಗಿದೆ. ಮೇದೋಜೀರಕದ ಕೆಲವು ಕೋಶಗಳಲ್ಲಿ ಮಾತ್ರ ಅದು ಜಾಗೃತವಾಗಿದೆ. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬ ಈ ವ್ಯವಸ್ಥೆಯೇ ಜೀನ್ ನಿಯಂತ್ರಣ. ಇದರ ಮೂಲಸೂತ್ರಗಳನ್ನು ಶೋಧಿಸಿದ ಫ್ರಾನ್ಸಿನ ವಿಜ್ಞಾನಿಗಳಿಗೆ 1965ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದೇ ನಿಯಂತ್ರಣದ ಮತ್ತೊಂದು ಸಾಧನವಾದ ಮೈಕ್ರೋ ಆರ್‌ಎನ್‌ಎಯನ್ನು ಕಂಡುಹಿಡಿದುದಕ್ಕೆ 2024ರಲ್ಲಿ ಇನ್ನೊಮ್ಮೆ ಬಂತು.

ಹೊಟ್ಟೆಯ ಹಿಂಭಾಗದಲ್ಲಿ ಅಡಗಿರುವ ಮೇದೋಜೀರಕದಲ್ಲಿ ಈ ವ್ಯವಸ್ಥೆ ಕೆಡುವುದು ಹೇಗೆ? ಇಲ್ಲಿನ ಸಾಮಾನ್ಯ ಬಗೆಯ ಕ್ಯಾನ್ಸರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಕೆ-ರಾಸ್ ಎಂಬ ಜೀನ್ ಬದಲಾಗಿರುತ್ತದೆ. ಬೇಕಾದಾಗ ಹೊತ್ತಿ ಬಳಿಕ ಆರಬೇಕಾದ ದೀಪ ಆರದೆಯೇ ಉರಿಯುತ್ತದೆ. 'ಬೆಳೆ, ಇಬ್ಭಾಗವಾಗು' ಎಂಬ ಆದೇಶ ನಿಲ್ಲುವುದೇ ಇಲ್ಲ. ಅದರ ಬೆನ್ನಿಗೇ ಬೆಳವಣಿಗೆಗೆ ತಡೆಯೊಡ್ಡಬೇಕಾದ ಜೀನ್‌ಗಳೂ ಒಂದೊಂದಾಗಿ ನಿಷ್ಕ್ರಿಯವಾಗುತ್ತವೆ. ಕೆಲವು ಅಳಿದೇ ಹೋಗುತ್ತವೆ. ಇನ್ನು ಕೆಲವು, ಒಂದಕ್ಷರವೂ ಬದಲಾಗದೆ, ರಾಸಾಯನಿಕ ಮೊಹರು ಬಿದ್ದು ಮುಚ್ಚಿಹೋಗುತ್ತವೆ.

ಇದಕ್ಕಿಂತಲೂ ಕುಟಿಲವಾದುದು ಮುಂದಿನ ಹಂತ. ಕೆಟ್ಟ ಕೋಶವನ್ನು ಗುರುತಿಸಿ ಕೊಲ್ಲುವ ಟಿ ಕೋಶಗಳು ನಮ್ಮ ರಕ್ತದಲ್ಲಿವೆ. ಕೆ-ರಾಸ್‌ನ ಪ್ರಚೋದನೆಯಿಂದ ಗಡ್ಡೆಯ ಕೋಶಗಳು ಒಂದು ಸಂಕೇತ ದ್ರವ್ಯವನ್ನು ಹೊರಸೂಸಿ ಬೇರೊಂದು ಬಗೆಯ ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ಬಂದ ಕಣಗಳು ಟಿ ಕೋಶಗಳ ಕೈಕಟ್ಟುತ್ತವೆ. ಇದನ್ನು 2012ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ತೋರಿಸಿಕೊಟ್ಟವು. ಸಾಲದೆಂಬಂತೆ ಗಡ್ಡೆಯ ಸುತ್ತ ದಟ್ಟವಾದ ನಾರಿನ ಗೋಡೆ ಬೆಳೆಯುತ್ತದೆ. 2020ರ ಮಾರ್ಚಿನಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಬೇಕಾದ ನಮ್ಮ ರೋಗಿಗಳು ಈಚೆಯೇ ಉಳಿದುದನ್ನು ನೆನೆದರೆ ಆ ಗೋಡೆಯ ಅರ್ಥ ಹೊಳೆದೀತು. ರೋಗನಿರೋಧಕ ಶಕ್ತಿಯ ಕಟ್ಟು ಬಿಚ್ಚುವ ಚಿಕಿತ್ಸೆಯ ಶೋಧಕ್ಕೆ 2018ರ ನೊಬೆಲ್ ಸಂದಿತು. ಅನೇಕ ಕ್ಯಾನ್ಸರುಗಳಲ್ಲಿ ಅದು ಫಲ ಕೊಟ್ಟಿದೆ. ಮೇದೋಜೀರಕದ ಕ್ಯಾನ್ಸರಿನಲ್ಲಿ ಮಾತ್ರ ಬಹುಪಾಲು ರೋಗಿಗಳಿಗೆ ಅದು ನಾಟದಿರುವುದಕ್ಕೆ ಇವೂ ಕಾರಣ. ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರಿಕ್ಕರ್ ಅವರು ಅಮೆರಿಕದವರೆಗೆ ಹೋಗಿ ಚಿಕಿತ್ಸೆ ಪಡೆದರೂ 2019ರ ಮಾರ್ಚ್ 17ರಂದು ಇದೇ ರೋಗಕ್ಕೆ ಬಲಿಯಾದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಜೀನ್‌ಗೆ ನಾವು 'ವಂಶವಾಹಿ' ಎನ್ನುತ್ತೇವೆ. ಆ ಹೆಸರು ಕೇಳಿದೊಡನೆ, ಇದು ಮನೆತನದ ದೋಷವೆಂದು ಭಾವಿಸಿ ಮದುವೆಯ ಮಾತುಕತೆಯಲ್ಲಿ ಹಿಂದೆಗೆಯುವವರಿದ್ದಾರೆ. ಈ ಬದಲಾವಣೆಗಳಲ್ಲಿ ಹೆಚ್ಚಿನವು ಹುಟ್ಟಿನಿಂದ ಬಂದವಲ್ಲ, ಬದುಕಿನ ನಡುವೆ ಆ ಒಂದು ಅಂಗದ ಕೋಶಗಳಲ್ಲಿ ಆದವು. ಅವು ಮಕ್ಕಳಿಗೆ ದಾಟುವುದಿಲ್ಲ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇದೇ ರೋಗ ಬಂದಿದ್ದರೆ ವೈದ್ಯರ ಸಲಹೆ ಪಡೆಯುವುದು ಯುಕ್ತ. ಧೂಮಪಾನವಾದರೋ ಯಾವ ಮನೆತನಕ್ಕೂ ಅಪಾಯವೇ.

ಇನ್ನೊಂದು ಮಾತು ಕಾಮಾಲೆಯದು. ಕಣ್ಣು ಹಳದಿಯಾದರೆ ಮೊದಲು ನಾಟಿ ಮದ್ದು ಎಂಬ ರೂಢಿ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ಸೋಂಕಿನಿಂದ ಬರುವ ಕಾಮಾಲೆ ಹಲವು ಬಾರಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಮದ್ದಿಗೆ ಹೆಸರು ಬರುತ್ತದೆ. ಆದರೆ ಐವತ್ತು ದಾಟಿದವರಲ್ಲಿ ನೋವಿಲ್ಲದೆ ಕಾಮಾಲೆ ಕಾಣಿಸಿಕೊಂಡು, ಮೂತ್ರ ಕಡುಬಣ್ಣಕ್ಕೆ ತಿರುಗಿ, ಮಲ ಬಿಳಿಚಿ, ಮೈ ತುರಿಸಿ, ತೂಕ ಇಳಿಯುತ್ತಿದ್ದರೆ ಅದು ಪಿತ್ತನಾಳವನ್ನು ಗಡ್ಡೆಯೊಂದು ಒತ್ತುತ್ತಿರುವ ಸೂಚನೆಯಾಗಿರಬಹುದು. ಆ ವಯಸ್ಸಿನಲ್ಲಿ ತೂಕ ಇಳಿಯುತ್ತ ಹೊಸದಾಗಿ ಸಕ್ಕರೆ ಕಾಯಿಲೆ ತಲೆದೋರಿದರೂ ವೈದ್ಯರಿಗೆ ಹೇಳಬೇಕು. ಗಡ್ಡೆ ಹರಡುವ ಮೊದಲು ಶಸ್ತ್ರಚಿಕಿತ್ಸೆ ಸಾಧ್ಯ. ಗುಣವಾಗುವ ಮುಖ್ಯ ದಾರಿಯೂ ಅದೊಂದೇ. ಹರಡಿದ ಬಳಿಕ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ.

ತಡವಾಗಿ ಸಲ್ಲಿಸಿದ ಮೇಲ್ಮನವಿಗೆ 1963ರ ಕಾಲಮಿತಿ ಕಾಯಿದೆಯ 5ನೆಯ ಕಲಮಿನಡಿ ವಿಳಂಬ ಮನ್ನಾ ಕೋರಬಹುದು. ಕಾರಣ ಸಮರ್ಪಕವಾಗಿದ್ದರೆ ನ್ಯಾಯಾಲಯ ಒಪ್ಪುತ್ತದೆ. ಈ ರೋಗದ ಮುಂದೆ ಅಂತಹ ಅರ್ಜಿಗೆ ಅವಕಾಶವಿಲ್ಲ. ಮನೆಯ ಹಿರಿಯರ ಕಣ್ಣು ಹಳದಿಯಾಗಿದ್ದರೆ ಇದೇ ವಾರ ರಕ್ತಪರೀಕ್ಷೆಯನ್ನೂ ಹೊಟ್ಟೆಯ ಸ್ಕ್ಯಾನನ್ನೂ ಮಾಡಿಸಿರಿ.