ಬಂಧನದ ಕಾರಣ ಕನ್ನಡದಲ್ಲಿ: ಪೊಲೀಸ್ ತರಬೇತಿಗೆ ಹೊಸ ಪಾಠ

ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿಯೇ ಕೊಡಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರ್ 6ರಂದು ತೀರ್ಪಿತ್ತಿದೆ. ಪ್ರಶ್ನೆ ಎದ್ದದ್ದು ನಮ್ಮದೇ ವರ್ಲಿಯ 2024ರ ಬಿಎಂಡಬ್ಲ್ಯು ಅಪಘಾತ ಪ್ರಕರಣದಲ್ಲಿ. ದುಬಾರಿ ಕಾರಿನಿಂದ ಹುಟ್ಟಿದ ತೀರ್ಪಾದರೂ ಇದು ಹೆಚ್ಚು ಬೇಕಾದದ್ದು ಹೋಟೆಲು ಕಾರ್ಮಿಕರಿಗೆ. ಊರಿನಿಂದ ಹೊಸದಾಗಿ ಬಂದ, ಕನ್ನಡ-ತುಳು ಬಿಟ್ಟು ಬೇರೇನೂ ತಿಳಿಯದ ಹುಡುಗನ ಮುಂದೆ ಠಾಣೆಯಲ್ಲಿ ಮರಾಠಿ ಕಾಗದ ಹಿಡಿದರೆ ಸಹಿ ಹಾಕದೆ ಆತ ಏನು ಮಾಡಿಯಾನು?

ಕಾರಣ ತಿಳಿಸಬೇಕೆಂದು ಸಂವಿಧಾನದ 22ನೇ ವಿಧಿ ಮೊದಲಿನಿಂದಲೂ ಹೇಳುತ್ತಿದೆ. ತತ್‌ಕ್ಷಣ ಬರೆದು ಕೊಡಲಾಗದಿದ್ದರೆ ಬಾಯಿಮಾತಿನಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಬರಹ ಕೊಡಬೇಕು ಎಂಬುದು ಈಗಿನ ಸೇರ್ಪಡೆ. ತಪ್ಪಿದರೆ ಬಂಧನವೇ ಅಕ್ರಮ.

ತೀರ್ಪು ಠಾಣೆ ತಲುಪುವುದು ಮಾತ್ರ ನಿಧಾನ. 2012ರಲ್ಲಿ ಪಾಲ್ಘರ್‌ನ ಇಬ್ಬರು ಯುವತಿಯರ ಮೇಲೆ ಫೇಸ್‌ಬುಕ್ ಬರಹಕ್ಕಾಗಿ ಹೇರಿದ್ದ 66ಎ ಸೆಕ್ಷನ್ 2015ರಲ್ಲಿ ರದ್ದಾಯಿತು. ಬಳಿಕವೂ ದೇಶದ ಹಲವೆಡೆ ಅದರಡಿ ಕೇಸು ದಾಖಲಾದವು! 2024ರ ಜುಲೈ 1ರಿಂದ ಅಪರಾಧ ಕಾನೂನುಗಳೇ ಬದಲಾಗಿವೆ. ಮರೋಲ್‌ನಲ್ಲಿ ತರಬೇತಿ ಪಡೆಯುವ ಪೇದೆಗೆ ಹೊಸ ಸೆಕ್ಷನ್ ಸಂಖ್ಯೆಗಳಷ್ಟೇ ಬಾಯಿಪಾಠವಾದರೆ ಸಾಲದು.

ನಮ್ಮ ಸಂಘಗಳಲ್ಲಿ ವಕೀಲರಿಗೆ ಬರವಿಲ್ಲ. ಕನ್ನಡ, ಮರಾಠಿ ಎರಡೂ ಬಲ್ಲವರ ಪಟ್ಟಿಯನ್ನು ಆಯಾ ಉಪನಗರದ ಠಾಣೆಗೆ ಮುಟ್ಟಿಸಲು ವಾರ್ಷಿಕ ಮಹಾಸಭೆಯ ತನಕ ಕಾಯಬೇಕಾಗಿಲ್ಲ.